ಚಲಚ್ಚಿತ್ರವನ್ನು ನೋಡುವ ಬಗೆ

(ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ನಾವು ಮಿಲ್ಲಿನಲ್ಲಿ ಲೆಕ್ಕ ಬರೆಯುವ ಗುಮಾಸ್ತರು, ಓದಿದ್ದು ಮೆಟ್ರಿಕ್‌ವರೆಗೆ. ಚಲಚ್ಚಿತ್ರ ಕಲೆಯನ್ನು ಕುರಿತು ಉಪನ್ಯಾಸ ಮಾಡುವ ಪಾಂಡಿತ್ಯ ನಮಗಿಲ್ಲ. ಆದರೂ ಈ ದಿನ ಎದ್ದು ನಿಂತಿರುವುದು ಒಂದು ತಪ್ಪನ್ನು ಒಪ್ಪಿಕೊಳ್ಳುವುದಕ್ಕಾಗಿ.

ಕಳೆದ ವರ್ಷ ಕೊಪ್ಪಳದ ಕಡೆಯ ತರುಣನೊಬ್ಬ ನಮ್ಮ ಸಮಿತಿಯ ಮುಂದೆ ಒಂದು ಸಲಹೆ ಇಟ್ಟ. ತಿಂಗಳಿಗೊಂದು ಭಾನುವಾರ ಎಲ್ಲರೂ ಕೂಡಿ ಒಂದು ಒಳ್ಳೆಯ ಚಿತ್ರ ನೋಡೋಣ, ಆಮೇಲೆ ಅದರ ಬೆಳಕು, ನೆರಳು, ಚಮತ್ಕಾರಗಳ ವಿಷಯ ಮಾತನಾಡೋಣ ಎಂದ. ನಾವು ನಕ್ಕೆವು. ಇದು ಪುಸ್ತಕದ ಮನೆ, ಸಿನೆಮಾ ಹುಚ್ಚಿಗೆ ಬೇರೆ ಜಾಗ ನೋಡಿಕೋ ಎಂದೆವು. ಹುಡುಗ ಮರುಮಾತಾಡಲಿಲ್ಲ. ಎರಡು ತಿಂಗಳು ಇತ್ತ ತಲೆಯನ್ನೂ ಹಾಕಲಿಲ್ಲ. ದಿನವೆಲ್ಲ ಯಂತ್ರದ ಮುಂದೆ ನಿಲ್ಲುವವನು. ಈ ಗೋರ್ವಾದಲ್ಲಿ ಅವನ ಭಾಷೆಯವರು ನಾವು ಬೆರಳೆಣಿಕೆಯಷ್ಟು ಜನ. ನಾವೇ ನಕ್ಕರೆ ಅವನು ಯಾರ ಬಾಗಿಲು ತಟ್ಟಬೇಕು?

ಮನಸ್ಸು ಚುಚ್ಚಿ ಒಂದು ರಾತ್ರಿ ಅವನ ಕೋಣೆಗೆ ಹೋದೆವು. ಅವನು ಮೊಬೈಲಿನಲ್ಲಿ 1959ರ 'ಕಾಗಜ್ ಕೆ ಫೂಲ್' ತೋರಿಸಿದ. ಖಾಲಿ ಸ್ಟುಡಿಯೋ, ನಾಯಕ ನಾಯಿಕೆಯರು ದೂರ ದೂರ ನಿಂತಿದ್ದಾರೆ, ಮೇಲಿನಿಂದ ಬೆಳಕಿನದೊಂದು ಕಂಬ ಕತ್ತಲೆಯನ್ನು ಸೀಳಿಕೊಂಡು ಇಳಿಯುತ್ತದೆ. "ಈ ಬೆಳಕು ಎಲ್ಲಿಂದ ಬಂತು ಹೇಳಿ" ಎಂದು ಕೇಳಿದ. ದೊಡ್ಡ ದೀಪ ಹಚ್ಚಿರಬೇಕು ಎಂದೆವು. ಅಲ್ಲವಂತೆ. ಸ್ಟುಡಿಯೋದ ಹೊರಗೆ ಬಿಸಿಲಿನಲ್ಲಿ ಒಂದು ದೊಡ್ಡ ಕನ್ನಡಿ, ಅದರ ಬಿಸಿಲು ಒಳಗೆ ಮೇಲೆ ಕೂರಿಸಿದ ಇನ್ನೊಂದು ಕನ್ನಡಿಗೆ, ಅಲ್ಲಿಂದ ಕೆಳಗೆ. ಎರಡು ಕನ್ನಡಿಗಳಿಂದ ಸೂರ್ಯನನ್ನೇ ಮನೆಯೊಳಗೆ ಕರೆತಂದವರು ಛಾಯಾಗ್ರಾಹಕ ವಿ. ಕೆ. ಮೂರ್ತಿಯವರು. ನಮ್ಮ ಮೈಸೂರಿನವರು! ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕಲಿತು ಮುಂಬಯಿಗೆ ಹೊಟ್ಟೆಪಾಡಿಗೆ ಹೋದವರು, ನಮ್ಮ ನಿಮ್ಮ ಹಾಗೆ.

ಆ ದೃಶ್ಯದಲ್ಲಿ ಹಿಂದಿ ಮಾತು ತಿಳಿಯದವನಿಗೂ ಒಂದು ಸಂಗತಿ ತಿಳಿಯುತ್ತದೆ: ಇವರಿಬ್ಬರೂ ಒಬ್ಬರನ್ನೊಬ್ಬರು ಮುಟ್ಟಲಾರರು. ಅದನ್ನು ಹೇಳುವುದು ಮಾತಲ್ಲ, ಬೆಳಕು. ಚಿತ್ರ ಆಗ ಹಣ ಗಳಿಸಲಿಲ್ಲ; ನಿರ್ದೇಶಕ ಗುರುದತ್ತರು ಆಮೇಲೆ ತಮ್ಮ ಹೆಸರಿನಲ್ಲಿ ನಿರ್ದೇಶನ ಮಾಡಲಿಲ್ಲ. ಆದರೆ ಆ ಬೆಳಕು ಇಂದಿಗೂ ಆರಿಲ್ಲ. ಮೂರ್ತಿಯವರಿಗೆ 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು. ಛಾಯಾಗ್ರಾಹಕರೊಬ್ಬರಿಗೆ ಅದು ಸಂದದ್ದು ಅದೇ ಮೊದಲು. ಕನ್ನಡದಲ್ಲಿ 1993ರ 'ಹೂವು ಹಣ್ಣು' ಅವರ ಕ್ಯಾಮರಾದ ಕೆಲಸ. 2014ರಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು.

ಈಗ ಆ ಪ್ರಶಸ್ತಿಯ ಹೆಸರಿನ ಕಡೆ ಸ್ವಲ್ಪ ನೋಡಿರಿ. ಫಾಲ್ಕೆಯವರು ಛಾಯಾಚಿತ್ರದ ವಿದ್ಯೆ ಕಲಿತದ್ದು ಎಲ್ಲಿ? ಇದೇ ವಡೋದರೆಯಲ್ಲಿ, ಸಯಾಜಿರಾವ್ ಮಹಾರಾಜರು 1890ರಲ್ಲಿ ತೆರೆದ ಕಲಾಭವನದಲ್ಲಿ. ನಾವು ಆ ಕಟ್ಟಡದ ಮುಂದೆ ಎಷ್ಟು ಸಲ ಹಾದುಹೋಗಿದ್ದೇವೋ! ಪಕ್ಕದ ಗೋಧ್ರಾದಲ್ಲಿ ಅವರು ಫೋಟೋ ಅಂಗಡಿಯನ್ನೂ ಇಟ್ಟಿದ್ದರು. 1912ರಲ್ಲಿ, ಚಿತ್ರ ತೆಗೆಯಲು ಹಣ ಬೇಕಾದಾಗ, ಕುಂಡದಲ್ಲಿ ಒಂದು ಬಟಾಣಿ ಕಾಳು ನೆಟ್ಟು ಅದರ ಮುಂದೆ ಕ್ಯಾಮರಾ ಇಟ್ಟರು. ದಿನವೂ ಒಂದಿಷ್ಟು ಚಿತ್ರ ಹಿಡಿದರು. ಓಡಿಸಿ ನೋಡಿದರೆ ಕಣ್ಣೆದುರಿಗೇ ಕಾಳು ಮೊಳೆತು ಬಳ್ಳಿಯಾಯಿತು! ಅದನ್ನು ತೋರಿಸಿಯೇ ಅವರು ಸಾಲ ಎತ್ತಿದರು. ಮರುವರ್ಷ 'ರಾಜಾ ಹರಿಶ್ಚಂದ್ರ' ಹೊರಬಂತು. ನಮ್ಮ ದೇಶದ ಚಲಚ್ಚಿತ್ರದ ಚಮತ್ಕಾರಕ್ಕೆ ತಾಳ್ಮೆಯೇ ಬಂಡವಾಳ ಎಂಬುದಕ್ಕೆ ಆ ಬಟಾಣಿ ಕಾಳು ಸಾಕ್ಷಿ.

'ಬಭ್ರುವಾಹನ'ವನ್ನು ನೋಡದವರು ನಮ್ಮಲ್ಲಿ ಕಡಮೆ. 1977ರ ಆ ಚಿತ್ರದಲ್ಲಿ ಅರ್ಜುನನೂ ರಾಜಕುಮಾರರೇ, ಮಗ ಬಭ್ರುವಾಹನನೂ ಅವರೇ. ಇಬ್ಬರು ಎದುರಾದಾಗ ನಾವು ಸಿಳ್ಳೆ ಹೊಡೆದೆವು. ಕ್ಯಾಮರಾ ಹಿಡಿದ ಎಸ್. ವಿ. ಶ್ರೀಕಾಂತರ ಹೆಸರನ್ನು ಯಾರು ಕೇಳಿದೆವು? ಅಂಥ ದೃಶ್ಯಕ್ಕೆ ಆ ಕಾಲದಲ್ಲಿದ್ದ ಉಪಾಯ ಹೀಗೆ: ಮಸೂರದ ಅರ್ಧ ಮುಚ್ಚಿ ನಟನನ್ನು ಒಂದು ಬದಿಯಲ್ಲಿ ನಿಲ್ಲಿಸಿ ಚಿತ್ರ ತೆಗೆಯುವುದು, ರೀಲನ್ನು ಹಿಂದಕ್ಕೆ ಸುತ್ತಿ, ಉಳಿದರ್ಧ ಮುಚ್ಚಿ, ವೇಷ ಬದಲಿಸಿದ ಅದೇ ನಟನನ್ನು ಮತ್ತೊಂದು ಬದಿಯಲ್ಲಿ ತೆಗೆಯುವುದು. ಕ್ಯಾಮರಾ ಕೂದಲೆಳೆಯಷ್ಟು ಅಲುಗಿದರೂ ನಡುವೆ ಗೆರೆ ಕಂಡುಬಿಡುತ್ತದೆ. ತಂದೆ ಮಗನ ನಡುವೆ ಗೆರೆ ಕಾಣದಂತೆ ಮಾಡಿದವನ ಕಸುಬನ್ನು, ಥಾನಿನಲ್ಲಿ ಒಂದು ಎಳೆ ತಪ್ಪಿದರೆ ಏನಾಗುತ್ತದೆಂದು ಬಲ್ಲ ನಾವಲ್ಲದೆ ಯಾರು ಮೆಚ್ಚಬೇಕು?

ಇಂದು ಆ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಅದನ್ನು ಹಳಿಯುವುದು ಬೇಡ. ಅದರ ಮುಂದೆಯೂ ರಾತ್ರಿ ನಿದ್ದೆಗೆಟ್ಟು ಕೂರುವ ಹುಡುಗರಿದ್ದಾರೆ. ಹೊಸದಾಗಲಿ ಹಳೆಯದಾಗಲಿ, ಚಿತ್ರ ನೋಡುವಾಗ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಬೆಳಕು ಎಲ್ಲಿಂದ ಬರುತ್ತಿದೆ, ಯಾರ ಮುಖವನ್ನು ಕತ್ತಲೆಗೆ ಬಿಟ್ಟಿದೆ? ಚೌಕಟ್ಟಿನಲ್ಲಿ ಏನನ್ನು ಇಟ್ಟಿದ್ದಾರೆ, ಏನನ್ನು ಹೊರಗಿಟ್ಟಿದ್ದಾರೆ? ಈ ಚಮತ್ಕಾರವನ್ನು ತೆಗೆದುಹಾಕಿದರೆ ಕಥೆಗೆ ಏನಾದರೂ ನಷ್ಟವಿದೆಯೇ? ನಷ್ಟವಿಲ್ಲವಾದರೆ ಅದು ಬರಿಯ ಜಾತ್ರೆಯ ಬತ್ತಾಸು.

ಇನ್ನೊಂದು ಅರಿಕೆ. ಚಿತ್ರ ಮುಗಿದು ಹೆಸರುಗಳು ಮೇಲೇರುವಾಗ ನಾವು ಎದ್ದು ಚಪ್ಪಲಿ ಹುಡುಕುತ್ತೇವೆ. ನಾವು ನೇಯ್ದ ಬಟ್ಟೆಯ ಮೇಲೆ ನಮ್ಮ ಹೆಸರಿಲ್ಲ. ಪಾಪ, ಅವರದ್ದಾದರೂ ಇದೆ. ಕನ್ನಡಿ ಹೊತ್ತ ಕೈಗಳು ಪರದೆಯ ಮೇಲೆ ಕಾಣುವುದಿಲ್ಲ. ಎರಡು ನಿಮಿಷ ಕುಳಿತು ಹೆಸರುಗಳನ್ನು ಓದೋಣ. ದುಡಿದವನನ್ನು ದುಡಿದವನು ಗುರುತಿಸದಿದ್ದರೆ ಬೇರೆ ಯಾರು ಗುರುತಿಸಿಯಾರು?

ಮುಂದಿನ ತಿಂಗಳ ಮೊದಲನೆಯ ಭಾನುವಾರ, ಸಂಜೆ, ಇದೇ ಕೋಣೆಯ ಬಿಳಿಗೋಡೆಯ ಮೇಲೆ ಚಿತ್ರ ತೋರಿಸಲು ಸಮಿತಿ ಒಪ್ಪಿದೆ. ಪುಸ್ತಕದ ಕಪಾಟುಗಳು ಎಲ್ಲಿಗೂ ಹೋಗುವುದಿಲ್ಲ. ಅಂದು ಮಾತನಾಡುವವರು ನಾವಲ್ಲ. ಹಿಂದಿನ ಸಾಲಿನಲ್ಲಿ, ಬಾಗಿಲ ಬಳಿ, ತಲೆ ತಗ್ಗಿಸಿ ಕುಳಿತಿರುವ ನಮ್ಮ ಕೊಪ್ಪಳದ ಗೆಳೆಯ. ಅಂದು ನಾವು ನಕ್ಕದ್ದನ್ನು ಅವನು ಮನ್ನಿಸಬೇಕು. ನೀವೆಲ್ಲ ಬಂದು ಮುಂದಿನ ಚಾಪೆಯಲ್ಲಿ ಕೂರಬೇಕು.