ಒಬ್ಬನೇ ಕೊಳ್ಳುವವನಿದ್ದಾಗ

ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲಿ ನನಗೊಂದು ತುಂಡು ನೆಲ ಬಂದಿತ್ತು. ಅಗಲ 4 ಅಡಿ, ಉದ್ದ 40 ಅಡಿ. ಚೆಕ್ಕುಬಂದಿಯ ಒಂದು ಕಡೆ ಚರಂಡಿ, ಇನ್ನೊಂದು ಕಡೆ ನೆರೆಮನೆಯ ಬೇಲಿ. ಅಲ್ಲಿ ಮನೆ ಏಳದು. "ನಾನಲ್ಲದೆ ಬೇರೆ ಯಾರು ಕೊಳ್ಳುತ್ತಾರೆ ರಾಯರೆ?" ಎಂದು ನೆರೆಯವರು ನಕ್ಕು, ಪತ್ರದ ಖರ್ಚಿಗೂ ಸಾಲದ ಬೆಲೆ ಹೇಳಿದರು. ಆ 4 ಅಡಿ ಸೇರಿದರೆ ಮಾತ್ರ ಅವರ ಕಾರು ಒಳಗೆ ಬರುವುದೆಂದು ಬಲ್ಲ ನಾನೂ ಬಾಯಿಗೆ ಬಂದಷ್ಟು ಕೇಳಿದೆ. ಎರಡು ವರ್ಷ ನಮ್ಮಲ್ಲಿ ಮಾತಿರಲಿಲ್ಲ.

ಆಗ ವಕೀಲ ಮಿತ್ರರೊಬ್ಬರು 1939ರ ತೀರ್ಪೊಂದನ್ನು ನೆನಪಿಸಿದರು. ವಿಶಾಖಪಟ್ಟಣದ ಬಂದರಿನ ಬಳಿ ಸರಕಾರ ವಶಪಡಿಸಿಕೊಂಡ ನೆಲದಲ್ಲಿ ನೀರಿನ ಬುಗ್ಗೆಯೊಂದಿತ್ತು. ಅದನ್ನು ಬಳಸಬಲ್ಲವರು ಬಂದರಿನವರನ್ನು ಬಿಟ್ಟರೆ ವಿರಳ. ಕೊಳ್ಳುವವನು ಒಬ್ಬನೇ ಆದರೂ ಬುಗ್ಗೆಗೆ ಬೆಲೆಯುಂಟು; ಆದರೆ ಮಾರುವವನ ಒಲ್ಲದ ಮನಸ್ಸನ್ನಾಗಲಿ, ಕೊಳ್ಳುವವನ ತುರ್ತನ್ನಾಗಲಿ ಲೆಕ್ಕಕ್ಕೆ ಹಿಡಿಯಬಾರದು ಎಂದಿತು ಲಂಡನ್ನಿನ ಪ್ರಿವಿ ಕೌನ್ಸಿಲ್. ಇಬ್ಬರೂ ಒಪ್ಪಿ ಕುಳಿತರೆ ನಿಲ್ಲುವ ಬೆಲೆಯೇ ಬೆಲೆ.

ನಾವಿಬ್ಬರೂ ಆ ಎರಡನ್ನೇ ಹಿಡಿದು ಜಗ್ಗಿದ್ದೆವಲ್ಲ ಎಂದು ನಾಚಿಕೆಯಾಯಿತು. ತುಂಡು ಸೇರಿದರೆ ಅವರ ನಿವೇಶನದ ಬೆಲೆ ಎಷ್ಟು ಏರುವುದೆಂದು ಬಲ್ಲವರಿಂದ ಅಂದಾಜು ಮಾಡಿಸಿದೆವು. ಆ ಏರಿಕೆ ಹುಟ್ಟುವುದು ಎರಡು ನೆಲ ಕೂಡುವುದರಿಂದ. ಆದ್ದರಿಂದ ಅರ್ಧ ಅವರಿಗೆ, ಅರ್ಧ ನನಗೆ.

ರಿಜಿಸ್ಟರಾದ ಸಂಜೆ, ಎರಡು ವರ್ಷಗಳ ಮೇಲೆ, ಅವರ ಜಗಲಿಯಲ್ಲಿ ಕುಳಿತು ಕಾಫಿ ಕುಡಿದೆ.