ಸಂಶೋಧನೆಗೆ ಹೊರಟ ಮಕ್ಕಳಿಗೆ ಏನು ಬೇಕು?
(ವಿದ್ಯಾರ್ಥಿವೇತನ ವಿತರಣಾ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ಬೆಂಗಳೂರಿನಲ್ಲಿ ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಜೀವಕೋಶದ ಪೊರೆಯ ಬಗ್ಗೆ ಸಂಶೋಧನೆ ಮಾಡುವುದನ್ನು ಕಲಿಸುತ್ತೇನೆ. ಮಗ ಡಾಕ್ಟರ್ ಆಗಬೇಕಾದರೆ, ಮಗಳು ಇಂಜಿನಿಯರ್ ಆಗಬೇಕಾದರೆ ಎಷ್ಟು ಖರ್ಚು, ಎಷ್ಟು ವರ್ಷ ಎಂಬ ಲೆಕ್ಕ ಈ ಸಭೆಯಲ್ಲಿ ಎಲ್ಲರಿಗೂ ಬಾಯಿಪಾಠ. ಸಂಶೋಧನೆಗೆ ಹೊರಟ ಮಕ್ಕಳ ಲೆಕ್ಕ ಅಷ್ಟು ಪರಿಚಯವಿಲ್ಲ. ಅದನ್ನು ಹೇಳಲೆಂದೇ ಬಂದಿದ್ದೇನೆ.

ಮಾವಿನ ಹೋಳಿಗೆ ಉಪ್ಪು ಬೆರೆಸಿಟ್ಟರೆ ಮರುದಿನ ಭರಣಿಯ ತಳದಲ್ಲಿ ನೀರು ನಿಂತಿರುತ್ತದೆ. ಆ ನೀರು ಮಾವಿನ ಜೀವಕೋಶಗಳ ಪೊರೆಯನ್ನು ದಾಟಿ ಬಂದದ್ದು. ನಮ್ಮ ಮೈಯ ಜೀವಕೋಶಗಳಿಗೂ ಇಂಥ ಪೊರೆಯಿದೆ: ಕೊಬ್ಬಿನ ಜಾತಿಯ ಕಣಗಳ ಎರಡು ಪದರ, ನಡುನಡುವೆ ಪ್ರೋಟೀನ್‌ಗಳು. ದಪ್ಪ ಸುಮಾರು 5 ನ್ಯಾನೋಮೀಟರ್. ಒಂದು ತಲೆಗೂದಲಿನ ದಪ್ಪಕ್ಕೆ ಇಂಥ ಹತ್ತು ಸಾವಿರ ಪೊರೆಗಳನ್ನಾದರೂ ಒಂದರ ಮೇಲೊಂದು ಇಡಬೇಕು. ಏನು ಒಳಗೆ ಬರಬೇಕು, ಏನು ಹೊರಗೆ ಹೋಗಬೇಕು ಎಂಬುದು ನಿರ್ಧಾರವಾಗುವುದು ಅಲ್ಲಿ.

ಇದರಿಂದ ಯಾರಿಗೆ ಉಪಯೋಗ ಎಂದು ದಾನಿಗಳು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಮಗುವಿಗೆ ಭೇದಿಯಾದಾಗ ಕೊಡುವ ಓಆರ್‌ಎಸ್ ಪೊಟ್ಟಣವನ್ನೇ ನೋಡಿ. ಅದರಲ್ಲಿ ಉಪ್ಪಿನ ಜೊತೆ ಸಕ್ಕರೆಯ ಅಂಶ ಏಕೆ? ಸಣ್ಣ ಕರುಳಿನ ಜೀವಕೋಶದ ಪೊರೆಯಲ್ಲಿರುವ ಒಂದು ಪ್ರೋಟೀನ್ ಸೋಡಿಯಂ ಮತ್ತು ಗ್ಲೂಕೋಸ್ ಎರಡನ್ನೂ ಜೊತೆಯಾಗಿ ಒಳಗೆ ಸಾಗಿಸುತ್ತದೆ. ಅವುಗಳ ಹಿಂದೆ ನೀರೂ ಹೋಗುತ್ತದೆ. ಕಾಲರಾ ಬಂದಾಗಲೂ ಈ ಬಾಗಿಲು ಮುಚ್ಚುವುದಿಲ್ಲ. ಈ ಜೊತೆ ಸಾಗಾಟದ ವಿಚಾರವನ್ನು ರಾಬರ್ಟ್ ಕ್ರೇನ್ 1960ರಲ್ಲಿ ಪ್ರಾಗ್ ನಗರದ ಸಭೆಯೊಂದರಲ್ಲಿ ಮುಂದಿಟ್ಟರು. ಅವರು ಹುಡುಕುತ್ತಿದ್ದದ್ದು ಕಾಲರಾದ ಔಷಧವನ್ನಲ್ಲ, ಕರುಳು ಸಕ್ಕರೆಯನ್ನು ಹೇಗೆ ಹೀರುತ್ತದೆ ಎಂಬುದನ್ನು. 1971ರಲ್ಲಿ ಬಂಗಾಳದ ಬನಗಾಂವ್‌ನಲ್ಲಿ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ ಸಲೈನ್ ಸಾಲದಾದಾಗ ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್ ಕಲಸಿದ ನೀರನ್ನೇ ಕುಡಿಸಿದರು. ಶೇ. 30ರ ಆಸುಪಾಸಿನಲ್ಲಿದ್ದ ಸಾವಿನ ಪ್ರಮಾಣ ಶೇ. 4ಕ್ಕಿಂತ ಕೆಳಗಿಳಿಯಿತು.

ಇನ್ನು ತರಬೇತಿಯ ವಿಷಯ. ನಮ್ಮಲ್ಲಿಗೆ ಬರುವವರು ಒಳ್ಳೆಯ ಅಂಕ ಪಡೆದವರೇ. ಆದರೆ ಕಾಲೇಜಿನ ಪ್ರಯೋಗಗಳಿಗೆ ಉತ್ತರ ಮೊದಲೇ ರೆಕಾರ್ಡ್ ಪುಸ್ತಕದಲ್ಲಿರುತ್ತದೆ. ಇಲ್ಲಿ ಉತ್ತರ ಯಾರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮೊದಲ ತಿಂಗಳುಗಳು ಕೈ ಪಳಗಿಸಲು ಹೋಗುತ್ತವೆ. ಜೀವಕೋಶಗಳನ್ನು 37 ಡಿಗ್ರಿ ಶಾಖದಲ್ಲಿ ಸಾಕಬೇಕು, ಎರಡು ಮೂರು ದಿನಕ್ಕೊಮ್ಮೆ ಹೊಸ ಪೋಷಕ ದ್ರವ ಕೊಡಬೇಕು. ಹಸು ಸಾಕಿದವರಿಗೆ ಗೊತ್ತು, ಆ ಕೆಲಸಕ್ಕೆ ಭಾನುವಾರವಿಲ್ಲ. ಈದ್ ದಿನ ಇವರ ಜೀವಕೋಶಗಳನ್ನು ಲ್ಯಾಬಿನ ಗೆಳೆಯರು ನೋಡಿಕೊಳ್ಳುತ್ತಾರೆ, ದೀಪಾವಳಿಗೆ ಅವರದನ್ನು ಇವರು.

ಕೈ ಬೇಗ ಪಳಗುತ್ತದೆ. ತನ್ನ ಕಣ್ಣನ್ನೇ ಸಂಶಯಪಡುವುದನ್ನು ಕಲಿಯಲು ವರ್ಷಗಳು ಬೇಕು. ಪೊರೆಯ ಮೇಲೆ ಒಂದು ಪ್ರೋಟೀನ್ ಎಲ್ಲೆಲ್ಲಿದೆ ಎಂದು ತಿಳಿಯಲು, ಅದಕ್ಕೆ ಅಂಟುವ ಆಂಟಿಬಾಡಿಗೆ ಹೊಳೆಯುವ ಬಣ್ಣ ಸೇರಿಸಿ ಮೈಕ್ರೋಸ್ಕೋಪಿನಲ್ಲಿ ನೋಡುತ್ತೇವೆ. ಕತ್ತಲೆ ಕೋಣೆಯಲ್ಲಿ ಕುಳಿತ ಹುಡುಗಿಗೆ ಚುಕ್ಕೆ ಚುಕ್ಕೆಯಾಗಿ ಹೊಳೆಯುವುದು ಕಾಣುತ್ತದೆ. ಪ್ರೋಟೀನ್‌ಗಳು ಗುಂಪುಗೂಡಿವೆ ಎಂದು ಓಡಿ ಬರುತ್ತಾಳೆ. ನಾನು ಕೇಳುತ್ತೇನೆ: "ಆ ಗುಂಪು ಮೊದಲೇ ಇತ್ತಾ, ನೀನು ಮಾಡಿದ್ದಾ?" ಆಂಟಿಬಾಡಿಗೆ ಎರಡು ಕೈಗಳಿವೆ. ಪೊರೆ ಎಣ್ಣೆಯ ಹಾಗೆ ಹರಿದಾಡುವಂಥದ್ದು, ಪ್ರೋಟೀನ್‌ಗಳು ಅದರಲ್ಲಿ ತೇಲುತ್ತಿರುತ್ತವೆ. ಆಂಟಿಬಾಡಿಯೇ ಎರಡೂ ಕೈಯಲ್ಲಿ ಒಂದೊಂದನ್ನು ಹಿಡಿದು ಒಂದೆಡೆ ಎಳೆದಿರಬಹುದು. ಫಾರ್ಮಾಲ್ಡಿಹೈಡ್ ಹಾಕಿದರೂ ಪೊರೆಯ ಕೆಲವು ಪ್ರೋಟೀನ್‌ಗಳು ಪೂರ್ತಿ ನಿಲ್ಲುವುದಿಲ್ಲ. ಹಾಗಾಗಿ ಒಂದೇ ಕೈಯಿರುವ ಆಂಟಿಬಾಡಿ ತುಂಡಿನಿಂದ ಮತ್ತೆ ನೋಡಬೇಕು. ಆಂಟಿಬಾಡಿಯೇ ಇಲ್ಲದೆ, ಜೀವಂತ ಕೋಶದಲ್ಲಿ ಇನ್ನೊಮ್ಮೆ ನೋಡಬೇಕು. ಮೂರು ನಾಲ್ಕು ತಿಂಗಳು ಹೋಗುತ್ತದೆ, ಕೊನೆಗೆ ಚುಕ್ಕೆಗಳು ಕಾಣದೆಯೂ ಇರಬಹುದು. ಕಾಣದ್ದನ್ನು ಕಾಣಲಿಲ್ಲವೆಂದೇ ನೋಟ್‌ಬುಕ್‌ನಲ್ಲಿ ಬರೆದಿಟ್ಟವಳ ತರಬೇತಿ ಅರ್ಧ ಮುಗಿಯಿತು ಎಂದು ನನ್ನ ಎಣಿಕೆ.

ಅದೇ ತಿಂಗಳುಗಳಲ್ಲಿ ಊರಿನಿಂದ ಫೋನ್ ಬರುತ್ತದೆ. "ಇನ್ನೂ ಮುಗಿಯಲಿಲ್ವಾ? ಅವರ ಮಗ ದುಬೈಗೆ ಹೋಗಿ ಮನೆ ಕಟ್ಟಿಸಿದ." ತಂದೆ-ತಾಯಂದಿರೇ, ಪಿಎಚ್.ಡಿ.ಗೆ ಐದಾರು ವರ್ಷ ಹಿಡಿಯುತ್ತದೆ. ತಡವಾದರೆ ಮಗು ಸೋಮಾರಿ ಎಂದುಕೊಳ್ಳಬೇಡಿ.

ಹಣದ ಮಾತು. ಜೆಆರ್‌ಎಫ್ ಸಿಕ್ಕಿದವರಿಗೆ 2023ರ ಪರಿಷ್ಕರಣೆಯಂತೆ ತಿಂಗಳಿಗೆ 37,000 ರೂಪಾಯಿ, ಮುಂದೆ 42,000. ಅಷ್ಟು ಬರತೊಡಗಿದ ಮೇಲೆ ಅವರಿಗೆ ಟ್ರಸ್ಟಿನ ನೆರವು ಹೆಚ್ಚು ಬೇಕಾಗುವುದಿಲ್ಲ. ಮಕ್ಕಳು ಕೈಬಿಡುವುದು ಅದಕ್ಕೆ ಮೊದಲು. ಎಂ.ಎಸ್ಸಿ. ಮುಗಿದು ನೆಟ್ ಪರೀಕ್ಷೆ ಪಾಸಾಗುವವರೆಗಿನ ಒಂದೆರಡು ವರ್ಷ ಯಾರೂ ಏನೂ ಕೊಡುವುದಿಲ್ಲ. ಅಲ್ಪಸಂಖ್ಯಾತರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ ಕೂಡ 2022-23ರಿಂದ ನಿಂತಿದೆ. ಈ ನಡುವೆ ಹುಡುಗ ಯಾವುದೋ ಕಂಪನಿಯಲ್ಲಿ ಸೇಲ್ಸ್‌ಗೆ ಸೇರಿಕೊಂಡರೆ ಮತ್ತೆ ಲ್ಯಾಬಿಗೆ ಬರುವುದು ಅಪರೂಪ.

ಟ್ರಸ್ಟಿನಲ್ಲಿ ನನ್ನ ವಿನಂತಿ ಇದು: ಶುಲ್ಕದ ರಶೀದಿ ತೋರಿಸಿದವರಿಗೆ ಮಾತ್ರ ನೆರವು ಎಂಬ ನಿಯಮವನ್ನು ಇಂಥವರಿಗೆ ಸಡಿಲಿಸಿ. ಇವರಿಗೆ ಶುಲ್ಕವೇ ಇರುವುದಿಲ್ಲ. ಪರೀಕ್ಷೆಯ ಅರ್ಜಿ, ಸಂದರ್ಶನಕ್ಕೆ ಹೋಗಿಬರುವ ರೈಲು, ಹಾಸ್ಟೆಲ್ ಸಿಗುವವರೆಗಿನ ಪಿ.ಜಿ. ಬಾಡಿಗೆ, ಫೆಲೋಶಿಪ್‌ನ ಮೊದಲ ಕಂತು ಬರುವವರೆಗಿನ ಊಟ, ಖರ್ಚೆಲ್ಲ ಇವಕ್ಕೆ.

ಬಿ.ಎಸ್ಸಿ. ಓದುತ್ತಿರುವವರಿಗೆ ಎರಡು ಮಾತು. ಜ್ಯಾಮ್ ಪರೀಕ್ಷೆ ಬರೆದರೆ ಐಐಎಸ್‌ಸಿಯ ಇಂಟಿಗ್ರೇಟೆಡ್ ಪಿಎಚ್.ಡಿ.ಗೆ ಪದವಿಯ ನಂತರ ನೇರವಾಗಿ ಪ್ರಯತ್ನಿಸಬಹುದು. ವಿಜ್ಞಾನ ಅಕಾಡೆಮಿಗಳು ಕೊಡುವ ಬೇಸಿಗೆ ಫೆಲೋಶಿಪ್‌ನಲ್ಲಿ ಎರಡು ತಿಂಗಳು ಒಳ್ಳೆಯ ಲ್ಯಾಬಿನಲ್ಲಿ ಕೆಲಸ ಮಾಡಿ ನೋಡಬಹುದು. ಈ ಕೆಲಸ ತಮಗೆ ಒಗ್ಗುತ್ತದೋ ಇಲ್ಲವೋ ಎಂಬುದು ಅಲ್ಲೇ ತಿಳಿಯುತ್ತದೆ. ಅರ್ಜಿಯನ್ನು ಹಿಂದಿನ ವರ್ಷವೇ ಹಾಕಬೇಕು, ಅದನ್ನು ತುಂಬಿಸಲು ಇವತ್ತು ಊಟದ ನಂತರ ನಾನು ಇಲ್ಲೇ ಕೂತಿರುತ್ತೇನೆ. ಮಾರ್ಕ್ಸ್ ಕಾರ್ಡ್ ತಂದವರು ಬನ್ನಿ.