ಕೊಡ ತುಂಬಿಸಿಕೊಂಡವರು ಸಾಲಿಗೆ ಏನು ಹೇಳಬೇಕು?

(ಫಾಸ್ಟರ್ ಸಿಟಿಯಲ್ಲಿ 2025ರ ನವೆಂಬರ್ ತಿಂಗಳಲ್ಲಿ ಅನಿವಾಸಿ ಕನ್ನಡಿಗರ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ರಾಜ್ಯೋತ್ಸವದ ತಿಂಗಳಲ್ಲಿ ಭಾಷಣಕ್ಕೆ ಕರೆದರೆ ಪಂಪನಿಂದ ಶುರು ಮಾಡಿ ಕುವೆಂಪು ಅವರಲ್ಲಿ ಮುಗಿಸುವುದು ವಾಡಿಕೆ. ಈ ಸಲ ಸಂಘಟಕರು ನನಗೆ ವಲಸೆ ನೀತಿಯ ಬಗ್ಗೆ ಮಾತಾಡಿ ಎಂದಿದ್ದಾರೆ. ನಾನು ವಕೀಲನಲ್ಲ. ಯಾವ ಪಕ್ಷದ ಸದಸ್ಯನೂ ಅಲ್ಲ. ಕೆಲಸಕ್ಕೆಂದು ಬಂದು ಇಲ್ಲೇ ಉಳಿದು, ಈಗ ನಿವೃತ್ತನಾಗಿ, ತಪ್ಪದೆ ಮತ ಹಾಕುವ ಒಬ್ಬ ಪ್ರಜೆ ಅಷ್ಟೆ. ನಾನು ಹೇಳುವುದು ನನ್ನ ಸ್ವಂತ ಅಭಿಪ್ರಾಯ. ಒಪ್ಪದವರು ಊಟದ ಹೊತ್ತಿನಲ್ಲಿ ಜಗಳವಾಡಬಹುದು, ಹೋಳಿಗೆ ಇದೆಯಂತೆ.

ಈ ವಿಷಯಕ್ಕೆ ಫಾಸ್ಟರ್ ಸಿಟಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ. 'ವೀಸಾ' ಎಂಬ ಹೆಸರಿನ ಕಂಪನಿಯ ಮುಖ್ಯ ಕಚೇರಿ ಬಹುಕಾಲ ಇದ್ದದ್ದು ಇದೇ ಊರಿನಲ್ಲಿ. ನಾನು ಹೊಸದಾಗಿ ಬಂದಾಗ ಊರಿಂದ ಒಬ್ಬರು ಫೋನ್ ಮಾಡಿ, "ನೀನಿರೋದು ವೀಸಾ ಆಫೀಸ್ ಪಕ್ಕದಲ್ಲೇ ಅಂತೆ, ನನ್ನ ಮಗನಿಗೊಂದು ಮಾಡಿಸಿಕೊಡಪ್ಪ" ಎಂದಿದ್ದರು. ಅದು ಕಾರ್ಡಿನ ಕಂಪನಿ ಎಂದು ವಿವರಿಸುವಷ್ಟರಲ್ಲಿ ನನ್ನ ಕಾಲಿಂಗ್ ಕಾರ್ಡ್ ಮುಗಿದಿತ್ತು. ಇನ್ನೊಂದು ಮಾತು. 1960ರ ದಶಕಕ್ಕೆ ಮುಂಚೆ ಇಲ್ಲಿ ಊರೇ ಇರಲಿಲ್ಲ. ಜೌಗು ನೆಲದ ಮೇಲೆ ಕೊಲ್ಲಿಯ ತಳದ ಮರಳನ್ನು ತಂದು ಸುರಿದು ಕಟ್ಟಿದ ಊರು ಇದು. ನಾವು ನಿಂತಿರುವ ನೆಲವೇ ಬೇರೆಡೆಯಿಂದ ಬಂದದ್ದು.

ನಾನು ಚಿತ್ರದುರ್ಗದವನು. ನಾನು ಹುಡುಗನಾಗಿದ್ದಾಗ ನಮ್ಮ ಬೀದಿಗೆ ಒಂದೇ ನಲ್ಲಿ. ಬೆಳಗಿನ ಜಾವ ನೀರು ಬರುತ್ತಿತ್ತು, ಎಷ್ಟು ಹೊತ್ತಿಗೆ ಎಂದು ಯಾರಿಗೂ ಗೊತ್ತಿಲ್ಲ. ಅದಕ್ಕೆ ರಾತ್ರಿಯೇ ಕೊಡ ಇಟ್ಟು ಬರುತ್ತಿದ್ದೆವು. ಕೊಡ ಇಟ್ಟ ಜಾಗವೇ ನಿಮ್ಮ ಜಾಗ. ಕೊಡ ಇಲ್ಲದಿದ್ದರೆ ಕಲ್ಲು ಇಟ್ಟರೂ ನಡೆಯುತ್ತಿತ್ತು. ನೀರಿನ ಜಗಳಗಳು ಬೇಕಾದಷ್ಟು ಆಗುತ್ತಿದ್ದವು, ಆದರೆ ಸಾಲಿನ ನಿಯಮವನ್ನು ಯಾರೂ ಮುರಿಯುತ್ತಿರಲಿಲ್ಲ. ಗ್ರೀನ್ ಕಾರ್ಡಿನ 'ಪ್ರಯಾರಿಟಿ ಡೇಟ್' ಅಂದರೆ ಅದೇ, ನಾವು ಕೊಡ ಇಟ್ಟ ದಿನ.

ಈ ನಲ್ಲಿ ನಮ್ಮವರಿಗೆ ಎಂದಿನಿಂದಲೂ ತೆರೆದಿತ್ತು ಎಂದುಕೊಳ್ಳಬೇಡಿ. 1917ರ ಕಾನೂನು ಭಾರತವೂ ಸೇರಿದಂತೆ ಏಷ್ಯಾದ ಬಹುಭಾಗದಿಂದ ಬರುವವರಿಗೆ ಬಾಗಿಲು ಮುಚ್ಚಿತು. ಇದೇ ಕೊಲ್ಲಿಯಲ್ಲಿರುವ ಏಂಜೆಲ್ ಐಲ್ಯಾಂಡ್‌ನಲ್ಲಿ 1910ರಿಂದ 1940ರವರೆಗೆ ಹಡಗಿನಿಂದ ಇಳಿದವರನ್ನು ತಡೆದಿಟ್ಟು ವಿಚಾರಿಸುತ್ತಿದ್ದರು. ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದವರು, ಪೌರತ್ವ ಕೇಳಿದರು. 1923ರಲ್ಲಿ ಸುಪ್ರೀಂ ಕೋರ್ಟ್, ನೀವು ಬಿಳಿಯರಲ್ಲ, ಆಗುವುದಿಲ್ಲ ಎಂದಿತು. 1946ರಲ್ಲಿ ಭಾರತೀಯರಿಗೆ ಪೌರತ್ವದ ಹಕ್ಕು ಸಿಕ್ಕಿತು, ಜೊತೆಗೆ ವರ್ಷಕ್ಕೆ 100 ಜನರ ಕೋಟಾ. ನೂರೇ ನೂರು. ಹತ್ತು ವರ್ಷ ಕಳೆದು 1956ರಲ್ಲಿ ದಲೀಪ್ ಸಿಂಗ್ ಸೌಂದ್ ಇದೇ ಕ್ಯಾಲಿಫೋರ್ನಿಯಾದಿಂದ ಕಾಂಗ್ರೆಸ್ಸಿಗೆ ಆಯ್ಕೆಯಾದರು. 1965ರಲ್ಲಿ ಅಧ್ಯಕ್ಷ ಜಾನ್ಸನ್ ಅವರು ಹಳೆಯ ಕೋಟಾ ಪದ್ಧತಿಯನ್ನು ತೆಗೆದುಹಾಕುವ ಕಾನೂನಿಗೆ ಸಹಿ ಮಾಡಿದರು. ಕರಿಯರ ನಾಗರಿಕ ಹಕ್ಕಿನ ಚಳವಳಿ ದೇಶವನ್ನು ಅಲುಗಿಸಿದ ಕಾಲ ಅದು. ಅಂದರೆ ನಾವು ಬರುವ ಮೊದಲೇ ಬೇರೆ ಯಾರೋ ಏಟು ತಿಂದು ನಮಗೆ ದಾರಿ ಮಾಡಿಕೊಟ್ಟಿದ್ದರು.

ನಾನು ಬಂದದ್ದು 1998ರಲ್ಲಿ, ವೈ2ಕೆ ಗಲಾಟೆಯಲ್ಲಿ. ಕೋಬಾಲ್ ಬಲ್ಲವರೆಂದರೆ ವಿಮಾನ ಹತ್ತಿಸಿ ಕಳಿಸುತ್ತಿದ್ದ ಕಾಲ. 2003ರಲ್ಲಿ ಗ್ರೀನ್ ಕಾರ್ಡ್ ಕೈಗೆ ಬಂತು, 2008ರಲ್ಲಿ ಪ್ರಜೆಯಾದೆ. ಅಧಿಕಾರಿ ಹತ್ತು ಪ್ರಶ್ನೆ ಕೇಳಬಹುದಿತ್ತು, ಆರು ಸರಿಯಾದರೆ ಸಾಕು. ನಾನು ನೂರಕ್ಕೆ ನೂರೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಎಸ್ಸೆಸ್ಸೆಲ್ಸಿ ಭಯ ಇನ್ನೂ ಹೋಗಿರಲಿಲ್ಲ ನೋಡಿ. ನನಗೆ ಐದು ವರ್ಷದಲ್ಲಿ ಸಿಕ್ಕಿದ್ದು ನನ್ನ ಬುದ್ಧಿವಂತಿಕೆಯಿಂದ ಎಂದು ಬಹಳ ದಿನ ನಂಬಿದ್ದೆ. ಅಲ್ಲ. ನಾನು ಕೊಡ ಇಟ್ಟಾಗ ಸಾಲು ಚಿಕ್ಕದಿತ್ತು.

ನನ್ನ ಅಕ್ಕನ ಮಗ ಬಂದದ್ದು 2008ರಲ್ಲಿ. ಹೆಂಡತಿ, ಮೂರು ವರ್ಷದ ಮಗಳು ಜೊತೆಗೆ. ಮಧ್ಯೆ ಕೆಲಸ ಬದಲಾಗಿ ಅವನು ಕೊಡ ಇಟ್ಟದ್ದು 2014ರಲ್ಲಿ. ಸರ್ಕಾರ ಪ್ರತಿ ತಿಂಗಳು ವೀಸಾ ಬುಲೆಟಿನ್ ಹೊರಡಿಸುತ್ತದೆ, ನಮ್ಮಲ್ಲಿ ಅನೇಕರು ಪಂಚಾಂಗಕ್ಕಿಂತ ಶ್ರದ್ಧೆಯಿಂದ ಅದನ್ನು ಓದುತ್ತಾರೆ. ಭಾರತದಲ್ಲಿ ಹುಟ್ಟಿದವರ ಎರಡನೆಯ, ಮೂರನೆಯ ವರ್ಗದ ದಿನಾಂಕಗಳು ಈ ತಿಂಗಳೂ 2013ರಲ್ಲೇ ನಿಂತಿವೆ.

ಯಾಕೆ ಹೀಗೆ? ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್. ಈ ಸಂಖ್ಯೆ ನಿಗದಿಯಾದದ್ದು 1990ರ ಕಾನೂನಿನಲ್ಲಿ. ಹೆಂಡತಿ ಮಕ್ಕಳೂ ಇದೇ ಲೆಕ್ಕಕ್ಕೆ ಸೇರುತ್ತಾರೆ. ಒಂದು ದೇಶಕ್ಕೆ ಶೇಕಡಾ 7ಕ್ಕಿಂತ ಹೆಚ್ಚು ಇಲ್ಲ, ಅಂದರೆ 9,800. ಬೇರೆಯವರು ಬಳಸದೆ ಉಳಿಸಿದರೆ ಸ್ವಲ್ಪ ಹೆಚ್ಚು. ನಮ್ಮ ಬೀದಿಗೂ ಅಷ್ಟೇ ಕೊಡ, ನಾಲ್ಕು ಲಕ್ಷ ಜನರ ಐಸ್‌ಲ್ಯಾಂಡ್ ಬೀದಿಗೂ ಅಷ್ಟೇ ಕೊಡ. ಆದರೆ ಎಚ್-1ಬಿ ಕೊಡುವಾಗ ಮಾತ್ರ ದೇಶದ ಲೆಕ್ಕ ಇಲ್ಲ. ಕೆಲಸಕ್ಕೆ ಕರೆಯುವಾಗ ಬಾಗಿಲು ಅಗಲ, ಉಳಿಯುತ್ತೇನೆಂದಾಗ ಕಿಂಡಿ. 2000ದ ಕಾನೂನು ಸಾಲಿನಲ್ಲಿರುವವರು ಆರು ವರ್ಷ ದಾಟಿದ ಮೇಲೂ ಎಚ್-1ಬಿ ಮುಂದುವರಿಸಬಹುದು ಎಂದಿತು. ಒಳ್ಳೆಯದೇ ಆಯಿತು. ಆದರೆ ಅದರಿಂದಲೇ ಹದಿನೇಳು ವರ್ಷ 'ತಾತ್ಕಾಲಿಕ'ವಾಗಿ ಬದುಕುವ ಸಂಸಾರಗಳೂ ಹುಟ್ಟಿಕೊಂಡವು.

ಆ ಮೂರು ವರ್ಷದ ಮಗು ಈಗ ಕಾಲೇಜಿನಲ್ಲಿದ್ದಾಳೆ. ಓದಿದ್ದೆಲ್ಲ ಇದೇ ಊರಿನ ಶಾಲೆಗಳಲ್ಲಿ. ಬರುವ ಫೆಬ್ರವರಿಗೆ 21 ತುಂಬುತ್ತದೆ. ಆ ದಿನ ಅವಳು ಕಾನೂನಿನ ಕಣ್ಣಿಗೆ ಅಪ್ಪನ ಮಗಳಲ್ಲ. ಎಚ್-4 ಮುಗಿಯುತ್ತದೆ, ಅಪ್ಪನ ಕೊಡದಲ್ಲಿ ಅವಳ ಪಾಲೂ ಮುಗಿಯುತ್ತದೆ. 2002ರಲ್ಲಿ ಇಂಥ ಮಕ್ಕಳಿಗಾಗಿ ಒಂದು ಕಾನೂನು ಬಂದಿದೆ, ಆದರೆ ಅದು ಅರ್ಜಿ ಸರ್ಕಾರದ ಮೇಜಿನ ಮೇಲಿದ್ದ ತಿಂಗಳುಗಳನ್ನು ಕಳೆಯುತ್ತದೆಯೇ ಹೊರತು ಸಾಲಿನಲ್ಲಿ ಕಾದ ವರ್ಷಗಳನ್ನಲ್ಲ. ಹದಿನೇಳು ವರ್ಷ ಇಲ್ಲಿದ್ದ ಹುಡುಗಿ ಇನ್ನು ಮೇಲೆ ವಿದೇಶಿ ವಿದ್ಯಾರ್ಥಿನಿ. ಇಲ್ಲೇ ಹುಟ್ಟಿದ ಅವಳ ತಮ್ಮ ಅಮೆರಿಕದ ಪ್ರಜೆ. ಅವನ ಹಕ್ಕಿನ ಹಿಂದೆಯೂ ನಮ್ಮ ಪಕ್ಕದೂರಿನ ಒಬ್ಬ ಇದ್ದಾನೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ಚೀನೀ ದಂಪತಿಗಳ ಮಗ ವಾಂಗ್ ಕಿಮ್ ಆರ್ಕ್. 1898ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದ. ಈ ವರ್ಷ ಜನವರಿ 20ರ ಆದೇಶ ತಾತ್ಕಾಲಿಕ ವೀಸಾದವರಿಗೆ ಮುಂದೆ ಹುಟ್ಟುವ ಮಕ್ಕಳಿಂದ ಅದೇ ಹಕ್ಕನ್ನು ಕಿತ್ತುಕೊಳ್ಳಲು ಹೊರಟಿದೆ.

ದೀಪಾವಳಿಯ ಊಟಕ್ಕೆ ಅವರೆಲ್ಲ ನಮ್ಮ ಮನೆಗೆ ಬಂದಿದ್ದರು. ನಾನು ಎಂದಿನಂತೆ ರಾಜಕೀಯ ಮಾತಾಡುತ್ತಿದ್ದೆ. ಆ ಹುಡುಗಿ ಕೇಳಿದಳು: "ಅಜ್ಜ, ನೀವು ವೋಟ್ ಹಾಕ್ತೀರಲ್ವಾ? ನಿಮ್ಮ ಕಾಂಗ್ರೆಸ್‌ಮನ್‌ಗೆ ನಮ್ಮ ವಿಷಯ ಯಾವತ್ತಾದರೂ ಹೇಳಿದ್ದೀರಾ?"

ಹೇಳಿರಲಿಲ್ಲ. ಹದಿನೇಳು ವರ್ಷದಿಂದ ಪ್ರಜೆ. ಒಂದು ಪತ್ರ, ಒಂದು ಫೋನ್ ಇಲ್ಲ. 2013ರಲ್ಲಿ ಸೆನೆಟ್ಟು 68-32 ಮತಗಳಿಂದ ದೊಡ್ಡ ಸುಧಾರಣಾ ಮಸೂದೆಯನ್ನು ಅಂಗೀಕರಿಸಿದಾಗ, ಪಕ್ಕದ ಕ್ಯೂಬಿಕಲ್ಲಿನ ತಮಿಳು ಹುಡುಗ ನನಗೊಂದು ಫೋನ್ ನಂಬರ್ ಕೊಟ್ಟು, "ಸಾರ್, ನೀವು ಸಿಟಿಜನ್, ನೀವು ಮಾತಾಡಿದರೆ ಕೇಳ್ತಾರೆ" ಎಂದಿದ್ದ. ಆ ಚೀಟಿ ಅಂಗಿಯ ಜೇಬಿನಲ್ಲೇ ಇದ್ದು ವಾಷಿಂಗ್ ಮೆಷಿನ್‌ನಲ್ಲಿ ಕರಗಿಹೋಯಿತು. ಮಸೂದೆಯನ್ನು ಕೆಳಮನೆ ಚರ್ಚೆಗೇ ತೆಗೆದುಕೊಳ್ಳಲಿಲ್ಲ. ನನ್ನ ಒಂದು ಫೋನಿನಿಂದ ಚರಿತ್ರೆ ಬದಲಾಗುತ್ತಿರಲಿಲ್ಲ, ನಿಜ. ಆದರೆ ನಾನು ಮಾಡಲಿಲ್ಲ ಎಂಬುದೂ ನಿಜ. ಕೊಡ ತುಂಬಿಸಿಕೊಂಡು ಹಿಂದೆ ನೋಡದೆ ಮನೆಗೆ ಹೋದವರಲ್ಲಿ ನಾನೊಬ್ಬ.

ಈಗ ಪಕ್ಷಗಳ ವಿಷಯ. ಒಂದು ಪಕ್ಷವನ್ನು ಬೈದರೆ ಅರ್ಧ ಸಭೆ ಚಪ್ಪಾಳೆ ತಟ್ಟುತ್ತದೆ, ಆದರೆ ನ್ಯಾಯವಲ್ಲ. 1986ರಲ್ಲಿ ಸುಮಾರು 27 ಲಕ್ಷ ಜನರಿಗೆ ಕಾಗದಪತ್ರ ಕೊಟ್ಟವರು ರಿಪಬ್ಲಿಕನ್ ರೇಗನ್. 2007ರಲ್ಲಿ ಬುಷ್ ಅವರ ಪ್ರಯತ್ನ ಸೆನೆಟ್ಟಿನಲ್ಲಿ ಸೋತಿತು. ಡೆಮಾಕ್ರಾಟರಿಗೆ 2009ರಲ್ಲಿ ಎರಡೂ ಮನೆಗಳಲ್ಲಿ ಬಹುಮತವಿತ್ತು, ಅವರು ಈ ಕೆಲಸವನ್ನು ಮುಂದಕ್ಕೆ ಹಾಕಿದರು. 2019ರಲ್ಲಿ ದೇಶವಾರು ಮಿತಿ ತೆಗೆಯುವ ಮಸೂದೆ ಕೆಳಮನೆಯಲ್ಲಿ 365-65ರಿಂದ ಗೆದ್ದಿತು. 2020ರ ಡಿಸೆಂಬರಿನಲ್ಲಿ ಸೆನೆಟ್ಟು ಬೇರೊಂದು ರೂಪದಲ್ಲಿ ಒಪ್ಪಿತು. ಎರಡನ್ನೂ ಹೊಂದಿಸುವಷ್ಟರಲ್ಲಿ ಅವಧಿ ಮುಗಿಯಿತು. 2024ರ ಫೆಬ್ರವರಿಯ ಗಡಿ ಮಸೂದೆಯಲ್ಲಿ ನಮ್ಮ ಹುಡುಗಿಯಂಥವರಿಗೆ ರಕ್ಷಣೆ ಇತ್ತು. ಚುನಾವಣೆಯ ವರ್ಷ, ಟ್ರಂಪ್ ಬೇಡವೆಂದರು, ಅದೂ ಬಿತ್ತು. ಸಮಸ್ಯೆ ಬಗೆಹರಿಯುವುದಕ್ಕಿಂತ ಉಳಿಯುವುದರಲ್ಲೇ ಇಬ್ಬರಿಗೂ ಲಾಭ ಕಾಣುತ್ತದೆ ಎಂಬುದು ನನ್ನ ಅನುಮಾನ.

ಕಳೆದ ಸೆಪ್ಟೆಂಬರ್ 19ರಂದು ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಎಂಬ ಘೋಷಣೆ ಬಂತು. ನಾನು ಅದನ್ನು ಒಪ್ಪುವುದಿಲ್ಲ. ದೊಡ್ಡ ಕಂಪನಿ ಕೊಟ್ಟೀತು, ಸಣ್ಣ ಊರಿನ ಆಸ್ಪತ್ರೆ ಎಲ್ಲಿಂದ ತರಬೇಕು? ಆದರೆ ನಮ್ಮ ತಟ್ಟೆಯಲ್ಲಿ ಬಿದ್ದ ಹೆಗ್ಗಣವನ್ನೂ ನೋಡಬೇಕಲ್ಲ. 2023ರ ಲಾಟರಿಗೆ 7.8 ಲಕ್ಷ ನೋಂದಣಿ ಬಂದವು. ಅದರಲ್ಲಿ 4 ಲಕ್ಷಕ್ಕೂ ಹೆಚ್ಚು, ಒಬ್ಬನ ಹೆಸರನ್ನೇ ಹಲವು ಕಂಪನಿಗಳು ಹಾಕಿದ್ದು. ಒಬ್ಬನಿಗೆ ಒಂದೇ ಅವಕಾಶ ಎಂದು ನಿಯಮ ಬದಲಿಸಿದ ಮರುವರ್ಷ ಅದು ಸುಮಾರು 4.8 ಲಕ್ಷಕ್ಕೆ ಇಳಿಯಿತು. ಒಂದೇ ಮನೆಯವರು ಹತ್ತು ಕಲ್ಲು ಇಟ್ಟು ಸಾಲು ಹಿಡಿದಂತೆ ಅದು. ಬೀದಿಯ ಜನ ರೇಗಿದರೆ ಆಶ್ಚರ್ಯವಿಲ್ಲ. ಕೆಲಸ ಕಳೆದುಕೊಂಡು, ತನ್ನ ಜಾಗಕ್ಕೆ ಕಡಿಮೆ ಸಂಬಳಕ್ಕೆ ಬಂದವನಿಗೆ ತಾನೇ ಕೆಲಸ ಕಲಿಸಿಕೊಟ್ಟು ಹೋದ ಅಮೆರಿಕನ್ ಸಹೋದ್ಯೋಗಿಯನ್ನು ನಾನು ಕಂಡಿದ್ದೇನೆ. ಅವನ ಸಿಟ್ಟನ್ನೆಲ್ಲ ಜನಾಂಗದ್ವೇಷ ಎಂದು ತಳ್ಳಿಹಾಕಲಾರೆ.

ಇನ್ನೊಂದು ಕಹಿ ಮಾತು. 2024ರ ಜುಲೈನಲ್ಲಿ ಕರ್ನಾಟಕದ ಸಂಪುಟ ಖಾಸಗಿ ಕೆಲಸಗಳಲ್ಲಿ ಸ್ಥಳೀಯರಿಗೆ ಶೇಕಡಾ 50, 70 ಮೀಸಲು ಎಂಬ ಮಸೂದೆಗೆ ಒಪ್ಪಿಗೆ ಕೊಟ್ಟು, ಕೆಲವೇ ದಿನಗಳಲ್ಲಿ ತಡೆಹಿಡಿಯಿತು. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಎಷ್ಟು ಜನ ಸಂಭ್ರಮಿಸಿದರು! ಅದೇ ಜನ ಇಲ್ಲಿ 'ಅಮೆರಿಕನ್ನರಿಗೇ ಮೊದಲು' ಎಂದರೆ ಅನ್ಯಾಯ ಎನ್ನುತ್ತಾರೆ. ನಾನು ಸರೋಜಿನಿ ಮಹಿಷಿ ವರದಿಯ ಕಾಲದವನು. ಕನ್ನಡಿಗನಿಗೆ ಕರ್ನಾಟಕದಲ್ಲಿ ಕೆಲಸ ಸಿಗಬೇಕೆಂಬುದರಲ್ಲಿ ನನಗೆ ಸಂಶಯವಿಲ್ಲ. ಹಾಗಾದರೆ ಓಹಾಯೋದವನೂ ಅದನ್ನೇ ಕೇಳುತ್ತಾನೆ ಎಂದು ಒಪ್ಪಬೇಕು. ಒಬ್ಬ ದೇಶದೊಳಗಿನ ಪ್ರಜೆ, ಇನ್ನೊಬ್ಬ ವಿದೇಶಿ, ಕಾನೂನಿನಲ್ಲಿ ಎರಡೂ ಒಂದೇ ಅಲ್ಲ. ಆದರೆ ಬೆಂಗಳೂರಿನಲ್ಲಿ ನಮ್ಮ ಭಾಷೆ ಕಲಿಯಿರಿ, ನಮ್ಮ ಊರನ್ನು ನಿಮ್ಮದೆಂದುಕೊಳ್ಳಿ ಎಂದು ನಾವು ಕೇಳುತ್ತೇವಲ್ಲ, ಅದನ್ನೇ ಇಲ್ಲಿ ನಾವು ಎಷ್ಟು ಮಾಡಿದ್ದೇವೆ?

'ನಾವು ಕಾನೂನುಬದ್ಧವಾಗಿ ಬಂದವರು, ಅವರಂತಲ್ಲ' ಎಂಬ ಮಾತನ್ನೂ ಬಿಡಬೇಕು ಎನಿಸುತ್ತದೆ. ಅಕ್ಟೋಬರಿನಲ್ಲಿ ಹೆದ್ದಾರಿ 92 ಹಿಡಿದು ಗುಡ್ಡ ದಾಟಿ ಹಾಫ್ ಮೂನ್ ಬೇಗೆ ಮಕ್ಕಳನ್ನು ಕುಂಬಳಕಾಯಿ ತೋಟಕ್ಕೆ ಕರೆದೊಯ್ಯುತ್ತೇವೆ. ಫೋಟೋದಲ್ಲಿ ಬರದ ಜನ ಆ ಬೆಳೆ ಬೆಳೆದಿರುತ್ತಾರೆ. ಅವರಲ್ಲಿ ಎಷ್ಟೋ ಜನರಿಗೆ ಸೇರಿಕೊಳ್ಳಲು ಒಂದು ಸಾಲೂ ಇಲ್ಲ. ಈ ಫೆಬ್ರವರಿಯಲ್ಲಿ ಸೈನ್ಯದ ವಿಮಾನವೊಂದು 104 ಭಾರತೀಯರನ್ನು ಕೈಕಾಲಿಗೆ ಕೋಳ ಹಾಕಿ ಅಮೃತಸರದಲ್ಲಿ ಇಳಿಸಿತು. ತಪ್ಪಿದ್ದರೆ ವಾಪಸು ಕಳಿಸಲಿ. ಕೋಳ ಹಾಕಿದ್ದನ್ನು ಕಂಡು ನಮ್ಮಲ್ಲಿ ಕೆಲವರು "ಸರಿಯಾಯ್ತು" ಎಂದದ್ದು ನನಗೆ ಹೆಚ್ಚು ನೋವು ತಂದಿತು.

ಹಾಗಾದರೆ ನನಗೇನು ಬೇಕು? ನಾಲ್ಕೇ ಮಾತು. ಅಪ್ಪ ಅಮ್ಮ ಕೊಡ ಇಟ್ಟ ದಿನ ಮಗುವಿಗೆ ಎಷ್ಟು ವಯಸ್ಸೋ ಅದನ್ನೇ ಲೆಕ್ಕಕ್ಕೆ ಹಿಡಿಯಲಿ. ಹೆಂಡತಿ ಮಕ್ಕಳನ್ನು ಆ 1,40,000ದ ಹೊರಗಿಡಲಿ. ಬರೀ ದೇಶವಾರು ಮಿತಿ ತೆಗೆದರೆ ನಮ್ಮ ಕಾಯುವಿಕೆ ಫಿಲಿಪೀನ್ಸಿನ ನರ್ಸಿನ ಹೆಗಲಿಗೆ ಹೋಗುತ್ತದೆ, ನಲ್ಲಿಯ ನೀರೇ ಹೆಚ್ಚಬೇಕು. ವೀಸಾ ಒಬ್ಬನೇ ಮಾಲೀಕನಿಗೆ ಕಟ್ಟಿಹಾಕದಂತಿರಲಿ, ಆಗ ಕಡಿಮೆ ಸಂಬಳಕ್ಕೆ ದುಡಿಸುವ ಆಟ ತಾನಾಗಿ ನಿಲ್ಲುತ್ತದೆ. ಮತ್ತು ಚಿಕ್ಕಂದಿನಲ್ಲಿ ಬಂದ ಮಕ್ಕಳಿಗೆ, ಕಾಗದ ಇರಲಿ ಇಲ್ಲದಿರಲಿ, ಒಂದು ದಾರಿ ಇರಲಿ.

ಮತ ಇಲ್ಲದವರು ಏನು ಮಾಡಬೇಕು ಎಂದು ಕೇಳುತ್ತೀರಿ. 2007ರ ಜುಲೈ ನೆನಪಿರಲಿ. ಎಲ್ಲರೂ ಅರ್ಜಿ ಹಾಕಬಹುದು ಎಂದ ಸರ್ಕಾರ ಜುಲೈ 2ರಂದು ಇಲ್ಲ ಎಂದಿತು. ನಮ್ಮವರು 'ಲಗೇ ರಹೋ ಮುನ್ನಾಭಾಯಿ' ನೋಡಿದ ಹೊಸತು, ವಲಸೆ ಇಲಾಖೆಯ ಮುಖ್ಯಸ್ಥರಿಗೆ ನೂರಾರು ಹೂಗುಚ್ಛ ಕಳಿಸಿದರು. ಅವರು ಅದನ್ನು ವಾಲ್ಟರ್ ರೀಡ್ ಆಸ್ಪತ್ರೆಯಲ್ಲಿದ್ದ ಗಾಯಾಳು ಸೈನಿಕರಿಗೆ ಕಳಿಸಿದರು. ಜುಲೈ 17ಕ್ಕೆ ಸರ್ಕಾರ ನಿರ್ಧಾರ ಬದಲಿಸಿತು. ಹೂವು ಕಳಿಸಿದವರಲ್ಲಿ ಬಹುಪಾಲು ಮತವಿಲ್ಲದವರೇ. ನೀವು ವಾಸವಿರುವ ಕ್ಷೇತ್ರದ ಪ್ರತಿನಿಧಿ ನಿಮಗೂ ಪ್ರತಿನಿಧಿಯೇ, ಬರೆಯಲು ಪಾಸ್‌ಪೋರ್ಟಿನ ಬಣ್ಣ ಕೇಳುವುದಿಲ್ಲ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಇಂದು ಮಿಶಿಗನ್ನಿನಿಂದ ಕಾಂಗ್ರೆಸ್ಸಿನಲ್ಲಿದ್ದಾರೆ. ಅದು ನಮಗೆ ಹತ್ತದ ಮೆಟ್ಟಿಲಲ್ಲ.

ಪ್ರಜೆಗಳಾದವರಿಗೆ ನನ್ನ ಮಾತು ಸ್ವಲ್ಪ ಖಾರವಾಗಿರಲಿ. ಊರಿನ ದೇವಸ್ಥಾನಕ್ಕೆ, ಶಾಲೆಗೆ ಧಾರಾಳವಾಗಿ ಕೊಡುತ್ತೀರಿ, ಒಳ್ಳೆಯದು. ನಿಮ್ಮ ಕ್ಷೇತ್ರದ ಪ್ರತಿನಿಧಿಯ ಹೆಸರು ಥಟ್ಟನೆ ಹೇಳಬಲ್ಲಿರಾ? ಪೌರತ್ವ ಪರೀಕ್ಷೆಯಲ್ಲಿ ಅದೂ ಒಂದು ಪ್ರಶ್ನೆಯಾಗಿತ್ತು.

ದೀಪಾವಳಿ ಕಳೆದ ವಾರ ನಾನು ಪತ್ರ ಬರೆದೆ. ಎರಡು ಪುಟ. ನಮ್ಮ ಹುಡುಗಿ ಇಂಗ್ಲಿಷ್ ತಿದ್ದಿಕೊಟ್ಟಳು, ಹತ್ತು ಕಡೆ. ಬರುವ ವಾರ ಕ್ಷೇತ್ರದ ಕಚೇರಿಯಲ್ಲಿ ಇಪ್ಪತ್ತು ನಿಮಿಷ ಸಮಯ ಕೊಟ್ಟಿದ್ದಾರೆ. ಅವಳೂ ಬರುತ್ತಾಳೆ. ಫೆಬ್ರವರಿಯೊಳಗೆ ಏನೂ ಆಗುವುದಿಲ್ಲ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು. "ಪರವಾಗಿಲ್ಲ ಅಜ್ಜ, ನನ್ನ ಹಿಂದೆ ಇನ್ನೂ ತುಂಬಾ ಜನ ಇದ್ದಾರಲ್ಲ" ಎಂದಳು.

ಆ ಕಚೇರಿಯಲ್ಲಿ ನಾಲ್ಕೈದು ಕುರ್ಚಿ ಇರುತ್ತವಂತೆ. ನಮ್ಮ ಜೊತೆ ಬರುವವರಿದ್ದರೆ ಊಟದ ಸಾಲಿನಲ್ಲಿ ನನ್ನನ್ನು ಹಿಡಿಯಿರಿ. ಅಲ್ಲಿ ಮಾತ್ರ ನಾನು ಎಲ್ಲರಿಗಿಂತ ಹಿಂದೆ ನಿಂತಿರುತ್ತೇನೆ.